ಕದರಮ್ಮನ ಕೈಗೆ ಹತ್ತಿದ ಕಪ್ಪು

"ನಮ್ಮತ್ತೆ ನಂಗೆ ಕಲ್ಸಿದ್ದು ಒಂದೇ ವಿದ್ಯೆ ಕಣವ್ವಾ, ಗರಿಕೆ ತೆಗೆಯೋದು. ರಾಗಿ ಹೊಲದಾಗೆ ಗರಿಕೆ ಒಂದು ಗೆಣ್ಣು ಉಳ್ಕಂಡ್ರೆ ಮುಗೀತು, ಬರೋ ವರ್ಷಕ್ಕೆ ಹೊಲಾನೇ ನುಂಗ್ಬುಡ್ತದೆ. ಅತ್ತೆ ಹಿಂದ್ಲಿಂದ ಬಂದು ನಾನು ಕಿತ್ತ ಜಾಗಾನ ಬೆರಳಾಕಿ ಕೆದಕೋಳು. ಬೇರು ಸಿಕ್ತೋ, ಅವತ್ತು ನಂಗೆ ಮುದ್ದೆ ಇಲ್ಲ. ಅಂಗೆ ಮೂವತ್ತು ವರ್ಷ ಗರಿಕೆ ಕಿತ್ತಿವ್ನಿ. ಒಂದಿನ ರೇಂಜರು ಬುದ್ಧಿಯೋರ ಮನೆಯಾಗೆ ಕರೆದ್ರು. 'ಅಂಗಳದಾಗೆ ಕಳೆ ಬೆಳ್ದೈತೆ, ತೆಗಿ' ಅಂದ್ರು. ನೋಡ್ದೆ. ಅಂಗಳದ ತುಂಬ ಗರಿಕೆ! ಅಯ್ಯೋ ಪಾಪ, ದೊಡ್ಡೋರ ಮನೆ, ನೋಡೋರು ದಿಕ್ಕಿಲ್ಲ ಅಂದ್ಕಂಡು ಕುಂತೆ. ಮಧ್ಯಾಹ್ನದೊತ್ಗೆ ಒಂದು ಮಂಕರಿ ಗರಿಕೆ ಬೇರುಸಮೇತ ಎತ್ತಿ ಗುಡ್ಡೆ ಹಾಕ್ದೆ. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನೆ ಸೊಪ್ಪು ಮಾತ್ರ ಒಂದೆಲೆ ಮುರೀದಂಗೆ ಬುಟ್ಟಿದ್ದೆ, ಮನೆಯೋರು ಸಾರು ಮಾಡ್ಕಳ್ಲಿ ಅಂತ. ಅಮ್ಮೋರು ಈಚೆಗೆ ಬಂದು ನೋಡಿ ಎದೆ ಹಿಡ್ಕಂಡು ಕುಂತ್ಬುಟ್ರು. 'ಲಾನು ಹಾಳ್ಮಾಡ್ದೆಯಲ್ಲೇ' ಅಂದ್ರು. ಗರಿಕೆ ಬೆಳೆ ಅಂತೆ, ಸೊಪ್ಪು ಕಳೆ ಅಂತೆ! ನಗ್ಬೇಕೋ ಅಳ್ಬೇಕೋ ತಿಳೀಲಿಲ್ಲ. ನಾನು ಬೇಕಂತ್ಲೇ ಮಾಡ್ದೆ ಅಂತ ಅಮ್ಮೋರು ಇವತ್ತಿಗೂ ನಂಬವ್ರೆ."

ಮಧುಗಿರಿಯ ಕೋಟೆ ಬಾಗಿಲ ಹತ್ತಿರದ ಕೇರಿಯಲ್ಲಿ ಕದರಮ್ಮ ಈ ಕಥೆಯನ್ನು ಜಗಲಿಗೆ ಬಂದು ಕೂತವರಿಗೆಲ್ಲ ಹೇಳುತ್ತಿದ್ದಳು. ಕೇಳಿದವರು ನಗುತ್ತಿದ್ದರು, ತಾನೂ ನಗುತ್ತಿದ್ದಳು. ಆದರೆ ಕೊನೆಯ ಮಾತು ಬಂದಾಗ ಅವಳ ನಗು ನಿಂತುಹೋಗುತ್ತಿತ್ತು.

ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಗಳನ್ನು ಪಾವಗಡದ ಕಡೆಗೆ ಕೊಟ್ಟಿದ್ದಳು. ಮನೆಯಲ್ಲಿದ್ದದ್ದು ಅವಳು ಮತ್ತು ಒಂದು ಎಮ್ಮೆ. ಬಿಡುವಿದ್ದಾಗ ಗುಡ್ಡದಿಂದ ತಂಗಡಿ ಕಡ್ಡಿ ಕಡಿದು ತಂದು ಚಕ್ಕೆ ಸುಲಿಯುತ್ತಿದ್ದಳು. ಚರ್ಮ ಹದ ಮಾಡುವುದಕ್ಕೆ ಬೇಕೆಂದು ಶಿರಾದ ಸಾಬರು ಗಾಡಿ ಕಟ್ಟಿಕೊಂಡು ಬಂದು ಆ ಚಕ್ಕೆ ಒಯ್ಯುತ್ತಿದ್ದರು. ಅದನ್ನು ಸುಲಿದೂ ಸುಲಿದೂ ಅವಳ ಬೆರಳ ತುದಿಗಳು ಸದಾ ಕಂದು ಬಣ್ಣಕ್ಕೇ ಇರುತ್ತಿದ್ದವು.

ರೇಂಜರು ಅಂದರೆ ಶಂಕರಲಿಂಗಪ್ಪನವರು. ಮಹಾರಾಜರ ಸರ್ಕಾರದಲ್ಲಿ ಕಾಡು ಕಾಯುವ ಅಧಿಕಾರಿಯಾಗಿದ್ದು ಪಿಂಚಣಿ ಪಡೆದು, ಶಿರಾ ರಸ್ತೆಯಲ್ಲಿ ಹೆಂಚಿನ ಬಂಗಲೆ ಕಟ್ಟಿಸಿಕೊಂಡಿದ್ದರು. ಬೆಂಗಳೂರಲ್ಲಿ ದೊರೆಗಳ ಮನೆ ಮುಂದೆ ಹುಲ್ಲಿನ ಹಾಸು ನೋಡಿ ಬಂದವರು. ತಮ್ಮ ಮನೆ ಮುಂದೂ ಅದೇ ಆಗಬೇಕೆಂದು ಗರಿಕೆ ನೆಡಿಸಿ, ನೀರು ಹೊಯ್ಯಿಸಿ, ಸಂಜೆ ಅದರ ಮೇಲೆ ಕುರ್ಚಿ ಹಾಕಿಸಿ ಕೂರುತ್ತಿದ್ದರು. ಮೊದಲ ದಿನದ ಆ ತಪ್ಪಾದ ಮೇಲೂ ಕದರಮ್ಮನನ್ನು ಬಿಡಿಸಲಿಲ್ಲ. ಅವಳಷ್ಟು ಚೊಕ್ಕವಾಗಿ ಕೂತು ಕೀಳುವವರು ಊರಲ್ಲಿ ಸಿಗಲಿಲ್ಲ.

ಕಿತ್ತದ್ದು ಅವಳಿಗೇ. ತಿನ್ನುವ ಸೊಪ್ಪು ಅವಳ ಮಡಕೆಗೆ, ಮಿಕ್ಕಿದ್ದು ಎಮ್ಮೆಗೆ. ಆ ಎಮ್ಮೆಯ ಹಾಲು ಬೆಳಿಗ್ಗೆ ಅರ್ಧ ಸೇರು ಅದೇ ಬಂಗಲೆಗೆ. ಆ ಮನೆಯ ಮಗಳು ರಾಜಲಕ್ಷ್ಮಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆತ್ತ ಹದಿನೈದನೇ ದಿನಕ್ಕೆ ಜ್ವರ ಬಂದು ಎದೆಹಾಲು ಬತ್ತಿಹೋಗಿತ್ತು. ಎರಡು ತಿಂಗಳ ಹೆಣ್ಣು ಕೂಸಿಗೆ ಕದರಮ್ಮನ ಎಮ್ಮೆ ಹಾಲನ್ನೇ ನೀರು ಬೆರೆಸಿ, ಕಾಯಿಸಿ, ಒಳಲೆಯಲ್ಲಿ ಕುಡಿಸುತ್ತಿದ್ದರು.

ಮನೆಯ ಯಜಮಾನತಿ ಜಗದಾಂಬಮ್ಮನಿಗೆ ಮಾತ್ರ ಕದರಮ್ಮನ ಮೇಲೆ ಕಣ್ಣು. "ಏನೇ, ಹೋದ ವಾರ ಕಿತ್ತ ಜಾಗದಲ್ಲೇ ಮತ್ತೆ ಸೊಪ್ಪು ನಿಂತಿದೆ? ಬೇರು ಬಿಟ್ಟು ಕೀಳ್ತೀಯೋ, ಇಲ್ಲಾ ಮಡಿಲಲ್ಲಿ ಬೀಜ ತಂದು ಚೆಲ್ತೀಯೋ?"

"ಬೀಜ ಚೆಲ್ಲೋಕೆ ನಾನೇನು ಗಾಳಿನಾ ಅಮ್ಮೋರೆ?" ಎನ್ನುತ್ತಿದ್ದಳು ಕದರಮ್ಮ. ತಲೆ ಎತ್ತುತ್ತಿರಲಿಲ್ಲ. ಯಾಕೆಂದರೆ ಆ ಮಾತಿನಲ್ಲಿ ಒಂದು ಪಾಲು ನಿಜವಿತ್ತು. ಬೀಜ ಚೆಲ್ಲಿರಲಿಲ್ಲ. ಆದರೆ ನೀರಿನ ತೊಟ್ಟಿಯ ಅಂಚಿಗಿದ್ದ ಹೊನಗೊನೆಯ ಬೇರನ್ನು ಅವಳು ಎಂದೂ ಮುಟ್ಟಿರಲಿಲ್ಲ. ಕುಡಿ ಚಿವುಟಿ ಬೇರು ಬಿಟ್ಟರೆ ಎಂಟು ದಿನಕ್ಕೆ ಮತ್ತೆ ಒಂದು ಸಾರಿಗಾಗುವಷ್ಟು ಚಿಗುರುತ್ತಿತ್ತು. ಗರಿಕೆಯ ಬೇರನ್ನು ಬಿಡದ ಕೈ ಸೊಪ್ಪಿನ ಬೇರನ್ನು ಬಿಟ್ಟಿತ್ತು.

ಬೇಸಿಗೆ ಶುರುವಾದ ಒಂದು ದಿನ ಶಂಕರಲಿಂಗಪ್ಪನವರು ಅವಳನ್ನು ಕರೆದು, "ನಾಲ್ಕು ದಿನ ಲಾನಿಗೆ ಇಳೀಬೇಡ. ಹಾಲು ಹಿತ್ತಲ ಬಾಗಿಲಲ್ಲಿ ಕೊಟ್ಟು ಹೋಗು" ಅಂದರು.

"ಯಾಕೆ ಬುದ್ಧಿ?"

"ಬೇಡ ಅಂದಮೇಲೆ ಬೇಡ."

ಅಷ್ಟೇ. ಅದೇ ಸಂಜೆ ತಂಗಡಿ ಹೊರೆ ಹೊತ್ತು ಬರುವಾಗ ಅವಳು ಕಾಂಪೌಂಡಿನ ಗೋಡೆಯ ಮೇಲಿಂದ ನೋಡಿದಳು. ಗೇಟಿಗೆ ಬೀಗ. ಒಳಗೆ ಶಂಕರಲಿಂಗಪ್ಪನವರು ಮೂಗಿಗೆ ಟವೆಲ್ ಸುತ್ತಿಕೊಂಡು, ಆಳಿನ ಕೈಗೂ ಕೊಡದೆ, ಹೂಗಿಡಕ್ಕೆ ನೀರು ಹಾಕುವ ತೂತಿನ ಡಬ್ಬದಿಂದ ತಾವೇ ಏನೋ ಚಿಮುಕಿಸುತ್ತಿದ್ದರು. ಪಕ್ಕದಲ್ಲಿ ಬಾಯಿ ಬಿಚ್ಚಿದ ಒಂದು ಸಣ್ಣ ಗೋಣಿಚೀಲ. ಅದರೊಳಗೆ ಕಲ್ಲುಸಕ್ಕರೆ ಥರದ ಹಸಿರು ಹರಳು.

ಪಕ್ಕದ ಮನೆಯ ಕೊಲ್ಲಾಪುರಮ್ಮನಿಗೆ ಹೇಳಿದಳು. ಕೊಲ್ಲಾಪುರಮ್ಮನ ಬಾಯಿಗೆ ಬೀಗ ಯಾವ ಕಮ್ಮಾರನೂ ಮಾಡಿರಲಿಲ್ಲ.

"ವಿಷ ಕಣೇ ಅದು. ನೀನು ಸೊಪ್ಪು ತಗಂಡೋಗ್ತೀಯ ಅಂತ ಆ ಜಗದಾಂಬಮ್ಮಂಗೆ ಹೊಟ್ಟೆಯುರಿ. ತಿಂದು ಸಾಯ್ಲಿ ಅಂತ ಹಾಕ್ಸವ್ಳೆ."

"ಥೂ, ಒಂದು ಹಿಡಿ ಸೊಪ್ಪಿಗೆ ಯಾರಾದ್ರೂ ಅಂಗೆ ಮಾಡ್ತಾರೇನೆ?"

"ಅಂಗಿದ್ರೆ ಮೂಗು ಯಾತಕ್ಕೆ ಕಟ್ಕಂಡಿದ್ರು? ಬೀಗ ಯಾತಕ್ಕೆ?"

ಕದರಮ್ಮ ನಂಬಲಿಲ್ಲ. ಹಾಗಂತ ನಂಬದೆಯೂ ಇರಲಿಲ್ಲ. ಮಾರನೆಯ ನಸುಕಿನಲ್ಲಿ ಹಾಲು ಕೊಟ್ಟು ತಿರುಗಿದಾಗ ಹಿತ್ತಲಿಂದ ಲಾನಿಗೆ ಹೋಗುವ ಸಂದಿ ತೆರೆದೇ ಇತ್ತು. ಎಮ್ಮೆಗೆ ಹಸಿ ಅಂತ ಒಂದು ಎಳೆ ಇರಲಿಲ್ಲ. ವಿಷವಾಗಿದ್ದರೆ ಹುಲ್ಲು ಸತ್ತಿರಬೇಕಲ್ಲ ಅಂತ ಬಗ್ಗಿ ನೋಡಿದಳು. ಆ ಮಬ್ಬಿನಲ್ಲಿ ಎಲ್ಲ ಎಂದಿನಂತೆಯೇ ಹಸಿರಾಗಿ, ಇಬ್ಬನಿ ಬಿದ್ದ ಹಾಗೆ ಒದ್ದೆಯಾಗಿ ಕಂಡಿತು. ಅಗಲ ಎಲೆಯ ಕಳೆಯನ್ನು ಒಂದು ತಬ್ಬು ಕುಯ್ದಳು. ತೊಟ್ಟಿಯ ಹತ್ತಿರದ ಹೊನಗೊನೆಯನ್ನು ಮಡಿಲಿಗೆ ಚಿವುಟಿಕೊಂಡಳು. ಯಾರೂ ನೋಡಲಿಲ್ಲ.

ಮನೆಗೆ ಬಂದು ತಬ್ಬನ್ನು ಎಮ್ಮೆಗೆ ಹಾಕಿ, ಮಧ್ಯಾಹ್ನದವರೆಗೆ ತಂಗಡಿ ಚಕ್ಕೆ ಸುಲಿದಳು. ಆಮೇಲೆ ಅದೇ ಕೈಯಲ್ಲಿ ಸೊಪ್ಪು ಬಿಡಿಸಲು ಕೂತಳು. ಎರಡು ಹಿಡಿ ಬಿಡಿಸುವಷ್ಟರಲ್ಲಿ ಬೆರಳ ತುದಿ ಕಪ್ಪಗೆ ಕಂಡಿತು. ಮಣ್ಣಿರಬೇಕೆಂದು ಸೀರೆಗೆ ಒರೆಸಿದಳು. ಹೋಗಲಿಲ್ಲ. ನೀರಲ್ಲಿ ತೊಳೆದಳು, ಬೂದಿ ಹಾಕಿ ತಿಕ್ಕಿದಳು. ತಿಕ್ಕಿದಷ್ಟೂ ಕಪ್ಪು ಏರಿತು. ಉಗುರಿನ ಸಂದಿ, ಬೆರಳಿನ ಗೆರೆ, ಎಲ್ಲ ದೀಪದ ಮಸಿ ಬಳಿದಂತಾಯಿತು.

ಸೊಪ್ಪನ್ನು ಅಲ್ಲೇ ಬಿಸಾಕಿದಳು. ಆದರೆ ಆ ಕಪ್ಪನ್ನು ಅವಳು ಎಲ್ಲೋ ನೋಡಿದ್ದಳು. ನೋಡನೋಡುತ್ತ ನೆನಪಿಗೆ ಬಂತು. ಚಿಕ್ಕಂದಿನಲ್ಲಿ ಕೂಲಿಮಠದ ರೇಣುಕಯ್ಯನವರ ಮನೆಯಲ್ಲಿ ಅವಳು ಅಳಲೆಕಾಯಿ ಕುಟ್ಟುತ್ತಿದ್ದಳು. ಹುಡುಗರು ಬರೆಯುವುದಕ್ಕೆ ಅಯ್ಯನವರು ಅಳಲೆಯ ಕಷಾಯಕ್ಕೆ ಏನೋ ಹಾಕುತ್ತಿದ್ದರು, ಕಂದು ನೀರು ಕಣ್ಣೆದುರೇ ಕಪ್ಪಾಗುತ್ತಿತ್ತು. ಅವಳಿಗೆ ಅಕ್ಷರ ಹತ್ತಲಿಲ್ಲ, ಶಾಯಿ ಮಾತ್ರ ಕೈಗೆ ಹತ್ತುತ್ತಿತ್ತು.

ಬಿಸಾಕಿದ ಸೊಪ್ಪಿನಲ್ಲಿ ಒಂದು ಕುಡಿ ಎಲೆಯಲ್ಲಿ ಸುತ್ತಿಕೊಂಡು ಅಯ್ಯನವರ ಮನೆಗೆ ಓಡಿದಳು. ರೇಣುಕಯ್ಯನವರಿಗೆ ಆಗಲೇ ಎಂಬತ್ತು ದಾಟಿತ್ತು. ಕಣ್ಣು ಮಂಜು, ಆದರೆ ಮೂಗು ಚುರುಕು. ಕುಡಿಯನ್ನು ಮೂಸಿದರು. ಮೂಲೆಯ ಡಬ್ಬಿಯಿಂದ ಅಳಲೆ ಪುಡಿ ತೆಗೆಸಿ, ನೀರಲ್ಲಿ ಕದಡಿ, ಆ ಕುಡಿಯನ್ನು ಅದರಲ್ಲಿ ಅದ್ದಿದರು. ನೀರು ಕಪ್ಪಾಯಿತು.

"ಅನ್ನಭೇದಿ ಕಣಮ್ಮ. ಕಬ್ಬಿಣದಿಂದ ಹುಟ್ಟೋ ಉಪ್ಪು. ನಿನ್ನ ಕೈಯಾಗೆ ತಂಗಡಿ ಒಗರು ಇತ್ತು, ಇದ್ರ ಮೇಲೆ ಕಬ್ಬಿಣ ಇತ್ತು, ಎರಡೂ ಸೇರಿ ಶಾಯಿ ಆಯ್ತು."

"ವಿಷವಾ ಅಯ್ನೋರೆ? ಎಮ್ಮೆ ತಿಂದ್ಬುಡ್ತು."

"ಬಿಳಿಚಿಕೊಂಡ ಹೆಂಗಸರಿಗೆ ರಕ್ತ ಆಗ್ಲಿ ಅಂತ ಗುಲಗಂಜಿಯಷ್ಟು ಕೊಡೋದುಂಟು. ಜಾಸ್ತಿ ಆದ್ರೆ ಕರುಳು ಸುಡುತ್ತೆ. ಎಮ್ಮೆ ಎಷ್ಟು ತಿಂತೋ ನಾನೇನು ಬಲ್ಲೆ? ಗಂಜಿ ಕುಡಿಸು. ಸಗಣಿ ಕಪ್ಪಾಗುತ್ತೆ. ಮತ್ತೆ ಬಣ್ಣಕ್ಕೆ ಬಂದ್ರೆ ಅದು ಪೂರ್ತಿ ಹೊರಗೆ ಹೋಯ್ತು ಅಂತ ತಿಳ್ಕೋ."

"ಹಾಲು?"

"ಗೊತ್ತಿಲ್ಲ ಕದರಮ್ಮ. ಗೊತ್ತಿಲ್ಲದ್ದನ್ನ ಗೊತ್ತು ಅನ್ನಬಾರದು."

ದಾರಿಯುದ್ದಕ್ಕೂ ಅವಳ ತಲೆಯನ್ನು ಬೇರೆಯೇ ಹುಳ ಕೊರೆಯಿತು. ಅನ್ನಭೇದಿಯನ್ನು ಯಾರಾದರೂ ಹುಲ್ಲಿಗೆ ಸುರಿಯುತ್ತಾರೆಯೇ? ತಂಗಡಿ ಸುಲಿಯುವ ಕೈ ಯಾರದು ಅಂತ ಆ ಮನೆಯವರಿಗೆ ಗೊತ್ತಿಲ್ಲವೇ? ಸೊಪ್ಪು ಮುಟ್ಟಿದವರ ಕೈ ಕಪ್ಪಾಗಲಿ, ಕಳ್ಳಿ ಸಿಕ್ಕಿಬೀಳಲಿ ಅಂತಲೇ ಹಾಕಿಸಿದ್ದಾರೆ. ನಾಲ್ಕು ದಿನ ಬರಬೇಡ ಅಂದದ್ದೂ ಅದಕ್ಕೇ. ಬೇಡ ಅಂದಷ್ಟೂ ಬರುತ್ತಾಳೆ ಅಂತ ಲೆಕ್ಕ ಹಾಕಿರಬೇಕು. ಬಂಗಲೆಯ ಮುಂದೆ ಹಾದುಹೋಗುವಾಗ ಕೈ ಎರಡನ್ನೂ ಸೆರಗಿನೊಳಗೆ ಇಟ್ಟುಕೊಂಡಳು.

ಮಾರನೆಯ ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಸಗಣಿ ಇದ್ದಿಲ ಹಾಗಿತ್ತು. ಎಮ್ಮೆ ಮೆಲುಕು ಹಾಕದೆ ಕಿವಿ ಇಳಿಬಿಟ್ಟು ಮಲಗಿತ್ತು. ಎಬ್ಬಿಸಿ ಹಿಂಡಿದಳು. ಹಾಲು ಸ್ವಲ್ಪ ಕಡಿಮೆ, ಆದರೆ ಬೆಳ್ಳಗೆ, ನೊರೆನೊರೆಯಾಗಿ ಬಂತು. ಚೊಂಬಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ನೋಡಿದರೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

ಕೊಲ್ಲಾಪುರಮ್ಮ ಗೋಡೆಯಾಚೆಯಿಂದ ಇಣುಕಿದಳು. "ಏನ್ ನೋಡ್ತೀಯೆ? ಕೊಟ್ಟು ಬಾ. ಅವ್ರು ಹಾಕಿದ್ದು ಅವ್ರಿಗೇ ಹೋಯ್ತದೆ."

"ಅವ್ರಿಗಲ್ಲ ಕಣೇ ಹೋಗೋದು. ಆ ಕೂಸಿಗೆ."

"ಅಂಗಾರೆ ಎಮ್ಮೆ ಒದಿತು, ಹಾಲು ಚೆಲ್ತು ಅನ್ನು."

"ಇವತ್ತು ಒದಿತು ಅನ್ನಬೋದು. ನಾಳೆ? ನಾಡಿದ್ದು? ಸಗಣಿ ತಿಳಿಯಾಗೋಗಂಟ ದಿನಾ ಒದೀತದಾ?"

"ನಿಜ ಹೇಳಿದ್ರೆ ಕೆಲ್ಸ ಹೋಯ್ತದೆ. ಕಳ್ಳಿ ಅಂತ ಹೆಸರೂ ಬತ್ತದೆ."

ಅದು ಕದರಮ್ಮನಿಗೆ ತಿಳಿಯದ್ದೇನಲ್ಲ. ಹಾಲನ್ನು ತಿಪ್ಪೆಗೆ ಸುರಿದಳು. ಬರಿ ಚೊಂಬು ಹಿಡಿದು ಬಂಗಲೆಗೆ ಹೊರಟಳು.

ಹಿತ್ತಲ ಬಾಗಿಲಿಗೆ ಹೋಗುವ ಮುಂಚೆಯೇ ಮುಂಬಾಗಿಲ ಕಡೆಯಿಂದ ಜಗದಾಂಬಮ್ಮನ ದನಿ. "ಬಾರೇ, ಬಾ. ಇಲ್ಲಿ ನೋಡು." ಲಾನಿನ ಪಕ್ಕದ ಬಿಳಿ ಕಲ್ಲಿನ ಮೆಟ್ಟಿಲ ಮೇಲೆ ಕೆಂಪು ಕೆಂಪು ಚುಕ್ಕೆ. "ಎಲೆಯಡಿಕೆ ಉಗಿದು ಹೋಗಿದ್ದೀಯಲ್ಲ, ಇದೇನು ನಿಮ್ಮ ಹಟ್ಟಿ ಬಾಗಿಲೇ?"

"ನಮ್ಮ ಯಜಮಾನ್ರು ಹೋದಮ್ಯಾಲೆ ನಾನು ಎಲೆ ಹಾಕೋದ್ನೇ ಬುಟ್ಟಿವ್ನಿ ಅಮ್ಮೋರೆ."

"ಹಂಗಾದ್ರೆ ಮೆಟ್ಟಿಲೇ ಉಗುಳ್ತಾ? ಹಾಲೆಲ್ಲಿ?" ಚೊಂಬಿನೊಳಗೆ ನೋಡಿದರು. "ಬರಿದು! ಹೋಟ್ಲಿನವನು ಜಾಸ್ತಿ ಕೊಡ್ತೀನಿ ಅಂದನಾ? ಒಳಗೆ ಕೂಸು ಬಾಯಿ ಬಿಡ್ತಿದೆ, ನಿನಗೆ ವ್ಯಾಪಾರ!"

ಕದರಮ್ಮ ಲಾನಿನ ಕಡೆ ನೋಡಿದಳು. ಈಗ ಬೆಳಕಿನಲ್ಲಿ ಕಾಣುತ್ತಿತ್ತು. ಗರಿಕೆ ಎಂದಿಗಿಂತ ಕಡು ಹಸಿರಾಗಿತ್ತು. ಅದರ ನಡುನಡುವೆ ಅಣ್ಣೆ ಸೊಪ್ಪು, ಗೋಣಿ ಸೊಪ್ಪು ಸುಟ್ಟ ಕಾಗದದ ಹಾಗೆ ಕರಿಕಲಾಗಿ ಮುದುಡಿದ್ದವು. ಗರಿಕೆಗೆ ಏನೂ ಆಗಿರಲಿಲ್ಲ.

ಅವಳು ಸೆರಗಿನಿಂದ ಎರಡೂ ಕೈ ತೆಗೆದು ಮುಂದೆ ಚಾಚಿದಳು. "ನೋಡಿ ಅಮ್ಮೋರೆ. ನಿಮ್ಮ ಬಲೆಗೆ ಬಿದ್ದಿವ್ನಿ. ನೆನ್ನೆ ನಸುಕ್ನಾಗೆ ಒಂದು ತಬ್ಬು ಕುಯ್ಕಂಡೋದೆ. ಎಮ್ಮೆ ತಿಂತು. ಇವತ್ತು ಸಗಣಿ ಕಪ್ಪಗೈತೆ. ಆ ಹಾಲು ಕೂಸಿಗೆ ಬ್ಯಾಡ. ಸುರಿದ್ಬುಟ್ಟು ಬಂದೆ. ನನ್ನ ಏನು ಬೇಕಾದ್ರೂ ಅನ್ನಿ."

ಜಗದಾಂಬಮ್ಮ ಆ ಕೈಗಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಶಂಕರಲಿಂಗಪ್ಪನವರು ಈಚೆಗೆ ಬಂದರು.

"ಬಲೆ ಯಾವುದು?"

"ನನ್ನ ಕೈ ಕಪ್ಪಾಗ್ಲಿ ಅಂತ ತಾನೆ ಬುದ್ಧಿ ಅನ್ನಭೇದಿ ಹಾಕಿದ್ದು?"

"ಅನ್ನಭೇದಿ ಅಂತ ನಿನಗೆ ಯಾರು ಹೇಳಿದರು?" ಅವರ ಮುಖದಲ್ಲಿ ಸಿಟ್ಟಿಗಿಂತ ಅನುಮಾನ ಜಾಸ್ತಿ ಇತ್ತು.

"ಕೈ ಹೇಳ್ತು. ಅಯ್ನೋರು ಹೌದು ಅಂದ್ರು."

ಶಂಕರಲಿಂಗಪ್ಪನವರು ಕನ್ನಡಕ ತೆಗೆದು ಒರೆಸಿದರು. "ಕಳೆ ಸಾಯ್ಲಿ ಅಂತ ಹಾಕಿದ್ದು ಕಣಮ್ಮ. ಬೆಂಗಳೂರಲ್ಲಿ ಹಾಗೆ ಮಾಡ್ತಾರೆ. ಅಗಲದ ಎಲೆ ಸುಡುತ್ತೆ, ಹುಲ್ಲಿಗೆ ಬಣ್ಣ ಬರುತ್ತೆ. ನಿನ್ನ ಕೈ ನನ್ನ ಕನಸಲ್ಲೂ ಇರಲಿಲ್ಲ."

"ಅಂಗಿದ್ರೆ ನಂಗೆ ಯಾತಕ್ಕೆ ಹೇಳ್ಲಿಲ್ಲ? ವಿಷ ಹಾಕಿವ್ನಿ, ಮುಟ್ಬ್ಯಾಡ ಅಂದಿದ್ರೆ ಮುಟ್ತಿದ್ನಾ?"

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಹೇಳಿದರೆ ನೀನು ಕೆಡಿಸ್ತೀಯ ಅಂದುಕೊಂಡೆ. ಕಳೆ ಸತ್ತರೆ ನಿನ್ನ ಕೂಲಿ ಹೋಗುತ್ತಲ್ಲ. ರಾತ್ರೋರಾತ್ರಿ ನೀರು ಹುಯ್ದು ತೊಳೆದುಬಿಡ್ತೀಯ ಅಂತ." ಆಮೇಲೆ ಹೆಂಡತಿಯ ಕಡೆ ತಿರುಗಿದರು. "ಆ ಮೆಟ್ಟಿಲ ಮೇಲಿನದು ಎಲೆಯಡಿಕೆ ಅಲ್ಲ ಕಣೇ, ತುಕ್ಕು. ನನ್ನ ಡಬ್ಬದಿಂದ ಚೆಲ್ಲಿದ್ದು."

ಜಗದಾಂಬಮ್ಮ ಮೆಟ್ಟಿಲನ್ನು ನೋಡಿದರು, ಗಂಡನನ್ನು ನೋಡಿದರು. ಸೋತೆ ಅನ್ನುವ ಜೀವ ಅಲ್ಲ ಅದು. "ಇರಲಿ ಬಿಡಿ. ಹೆಂಗೂ ಕಳೆ ಸತ್ತಿತಲ್ಲ. ಇನ್ನು ಇವಳು ಕೀಳೋದು ಏನಿದೆ?"

"ಸತ್ತಿರೋದು ಮ್ಯಾಲೆ ಮಾತ್ರ ಅಮ್ಮೋರೆ. ಬೇರು ಮಣ್ಣಾಗೆ ಅಂಗೇ ಐತೆ."

"ಓಹೋ, ಬೇರಿನ ವಿಷಯ ನಿನಗೆ ಚೆನ್ನಾಗೇ ಗೊತ್ತು!"

ಕದರಮ್ಮ ಸುಮ್ಮನಿರಬಹುದಿತ್ತು. ಕೈ ಚಾಚಿದ ಮೇಲೆ ಮುಚ್ಚಿಡುವುದೇನು ಅನ್ನಿಸಿತೋ ಏನೋ. "ಗೊತ್ತು. ತೊಟ್ಟಿ ಹತ್ರದ್ದು ಹೊನಗೊನೆ. ಆ ಬೇರನ್ನ ನಾನೇ ಬುಟ್ಟಿದ್ದೆ, ಸಾರಿಗೆ. ಬೇರೆ ಕಡೆ ಬುಟ್ಟಿಲ್ಲ. ನಂಬಿದ್ರೆ ನಂಬಿ."

"ನಾನು ಹೇಳಿರಲಿಲ್ವಾ!" ಅಂತ ಜಗದಾಂಬಮ್ಮ ಗೆದ್ದವರ ಹಾಗೆ ಗಂಡನ ಕಡೆ ನೋಡಿದರು. ಗಂಡ ಲಾನಿನ ಕಡೆ ನೋಡುತ್ತಿದ್ದರು.

ಒಳಗಿನ ಕೋಣೆಯಿಂದ ಬಾಣಂತಿಯ ದನಿ ಬಂತು. "ಕದರಮ್ಮ, ಎಷ್ಟು ದಿನ ಬೇಡ?"

"ಸಗಣಿ ಅದ್ರ ಬಣ್ಣಕ್ಕೆ ಬರೋಗಂಟ ಬ್ಯಾಡ ಕಣವ್ವಾ. ಅಲ್ಲೀಗಂಟ ನಮ್ಮ ಕೇರಿ ಪಾಲಪ್ಪನ ಮನೆ ಹಸುವಿನ ಹಾಲು ತರ್ಸ್ಕಳ್ಳಿ. ನೀರು ಒಸಿ ಕಮ್ಮಿ ಹಾಕು, ಎಮ್ಮೆ ಹಾಲಿನಷ್ಟು ಗಟ್ಟಿ ಇರಕ್ಕಿಲ್ಲ ಅದು."

"ಆಗಲಿ. ನಿನ್ನ ಎಮ್ಮೆ ಹುಷಾರಾದರೆ ನಮಗೇ ತಾ."

ಅವತ್ತು ಕೂಲಿ ಕೆಲಸ ನಿಂತುಹೋಯಿತು. ಇಪ್ಪತ್ತೈದು ದಿನವಾದ ಮೇಲೆ ಸುಟ್ಟ ಬುಡದಲ್ಲೆಲ್ಲ ಎಳೆ ಚಿಗುರು ಎದ್ದು, ಶಂಕರಲಿಂಗಪ್ಪನವರೇ ಹೇಳಿಕಳಿಸಿದ್ದು, ಅನ್ನಭೇದಿ ಚೀಲ ಬಿಚ್ಚುವ ದಿನ ನನಗೆ ಹೇಳಿಯೇ ಬಿಚ್ಚಬೇಕು ಅಂತ ಇವಳು ಅವರ ಬಾಯಲ್ಲಿ ಮಾತು ತಗೊಂಡದ್ದು, ಆಮೇಲೆ ಎಂಟು ವರ್ಷ ಅದೇ ಲಾನಿನಲ್ಲಿ ಕೂತದ್ದು, ಎಲ್ಲ ಮುಂದಿನ ಮಾತು. ಅವತ್ತಿಗೆ ಅದು ಯಾವುದೂ ಗೊತ್ತಿರಲಿಲ್ಲ.

ನಾಲ್ಕು ದಿನ ಅವಳು ಎಮ್ಮೆಗೆ ರಾಗಿ ಗಂಜಿ, ಮಜ್ಜಿಗೆ ಕುಡಿಸಿದಳು. ಬೆಳಿಗ್ಗೆ ಎದ್ದ ತಕ್ಷಣ ಕೊಟ್ಟಿಗೆಗೆ ಹೋಗಿ ಕಡ್ಡಿಯಿಂದ ಸಗಣಿ ಕೆದಕಿ ನೋಡುತ್ತಿದ್ದಳು. ಕಪ್ಪು, ಮತ್ತೆ ಕಪ್ಪು, ಆಮೇಲೆ ಕಡುಗಂದು. ಬಂಗಲೆಯವರು ಹೇಳಿದ್ದನ್ನು ಪೂರ್ತಿ ನಂಬಲೋ ಬೇಡವೋ ಅಂತ ಒಬ್ಬಳೇ ಲೆಕ್ಕ ಹಾಕುತ್ತಿದ್ದಳು. ಮೂಗು ಕಟ್ಟಿದ್ದು ಯಾತಕ್ಕೆ ಅನ್ನುವುದಕ್ಕೆ ಮಾತ್ರ ಉತ್ತರ ಸಿಕ್ಕಿರಲಿಲ್ಲ. ಕೇಳುವುದು ಮರೆತಿತ್ತು.

ಐದನೇ ದಿನ ಎಮ್ಮೆ ಅವಳಿಗಿಂತ ಮುಂಚೆ ಎದ್ದು ಗೂಟ ಎಳೆಯುತ್ತಿತ್ತು. ಸಗಣಿ ಹಸಿರಿಗೆ ತಿರುಗಿತ್ತು. ಆವತ್ತಿನ ಹಾಲನ್ನು ಯಾರಿಗೂ ಕೊಡದೆ ಅವಳೇ ಕಾಯಿಸಿ ಕುಡಿದು, ಹೊಟ್ಟೆ ಏನನ್ನುತ್ತದೆಂದು ಸಂಜೆಯವರೆಗೆ ಕಾದಳು. ಏನೂ ಅನ್ನಲಿಲ್ಲ. ಆರನೇ ದಿನ ಚೊಂಬು ತುಂಬಿಸಿಕೊಂಡು ಹೋದಳು.

ಜಗದಾಂಬಮ್ಮ ಬಾಗಿಲಲ್ಲಿ ಚೊಂಬು ಇಸಿದುಕೊಳ್ಳಲಿಲ್ಲ. "ಮೊದಲು ನೀನು ಕುಡಿ. ನನ್ನೆದುರಿಗೆ" ಅಂದರು.

ಕದರಮ್ಮ ಎಡಗೈಯಲ್ಲಿ ಚೊಂಬು ಬಗ್ಗಿಸಿ ಬಲ ಅಂಗೈಗೆ ಹಾಲು ಹುಯ್ದುಕೊಂಡಳು. ಬೆರಳ ಗೆರೆಯ ಕಪ್ಪು ಇನ್ನೂ ಹೋಗಿರಲಿಲ್ಲ. ಬೆಳ್ಳಗಿನ ಹಾಲಿನ ಸುತ್ತ ಅದು ಎದ್ದು ಕಾಣುತ್ತಿತ್ತು. ಕುಡಿದಳು. ಇನ್ನೊಂದು ಅಂಗೈ ಹುಯ್ದುಕೊಂಡು ಅದನ್ನೂ ಕುಡಿದಳು.

"ಸಾಕಾ ಅಮ್ಮೋರೆ? ಇನ್ನೂ ಕುಡಿದ್ರೆ ಕೂಸಿಗೆ ಉಳಿಯಾಕಿಲ್ಲ."

ಜಗದಾಂಬಮ್ಮ ಚೊಂಬು ತೆಗೆದುಕೊಂಡು ಒಳಗೆ ಹೋದರು. ಕದರಮ್ಮ ಹಿತ್ತಲ ಕಟ್ಟೆಯ ಮೇಲೆ ಕಾದಳು. ಒಳಗೆ ಹಾಲು ಉಕ್ಕಿದ ವಾಸನೆ ಬಂತು, ಆಮೇಲೆ ಒಳಲೆ ಬಟ್ಟಲಿಗೆ ತಾಕಿದ ಸದ್ದು, ಕೂಸಿನ ಅಳು, ಅಳು ನಿಂತದ್ದು. ಖಾಲಿ ಚೊಂಬನ್ನು ರಾಜಲಕ್ಷ್ಮಿಯೇ ತಂದುಕೊಟ್ಟಳು. "ಪೂರ್ತಿ ಕುಡಿದಳು" ಅಂದಳು. ಜಗದಾಂಬಮ್ಮ ಒಳಗಿಂದ, "ಸಂಜೆವರೆಗೂ ನೋಡೋಣ" ಅಂದರು.

"ನೋಡಿ, ನಾನೂ ಮನ್ಯಾಗೇ ಇರ್ತೀನಿ" ಅಂದು ಕದರಮ್ಮ ಹೊರಟಳು.

ಮನೆಗೆ ಬಂದಾಗ ಬಿಸಿಲು ಇನ್ನೂ ಹಿತ್ತಲ ಗೋಡೆಗೆ ಬಿದ್ದಿರಲಿಲ್ಲ. ಕಪ್ಪು ಸಗಣಿಯನ್ನೆಲ್ಲ ಅವಳು ಹೊರಗಿನ ಗುಂಡಿಗೆ ಹಾಕಿದ್ದಳು, ಒಲೆಗೆ ಆಗಿಬರುತ್ತದೋ ಇಲ್ಲವೋ ಅಂತ. ಇವತ್ತಿನದನ್ನು ಮಂಕರಿಯಲ್ಲಿ ಎತ್ತಿ ತಂದಳು. ರಾಗಿ ಹೊಟ್ಟು ಬೆರೆಸಿ, ನೀರು ಚಿಮುಕಿಸಿ, ತುಳಿದು ಹದ ಮಾಡಿದಳು. ಸೀರೆ ಎತ್ತಿ ಕಟ್ಟಿ, ಒಂದೊಂದೇ ಉಂಡೆ ಮಾಡಿ, ಗೋಡೆಗೆ ಬೆರಣಿ ತಟ್ಟತೊಡಗಿದಳು.